ಅಹ್ಮದ್ ವಾಲ್ವ್ ಹಾಕಿಸಿ ಎರಡು ತಿಂಗಳಿಗೇ ಕಣ್ಣಿನ ಒತ್ತಡ ಏರಿದರೆ
ಗ್ಲಾಕೋಮಾಕ್ಕೆ ಅಹ್ಮದ್ ವಾಲ್ವ್ (ಕಣ್ಣೊಳಗಿನ ನೀರನ್ನು ಸಣ್ಣ ಟ್ಯೂಬಿನಿಂದ ಕಣ್ಣಿನ ಹೊರಮೈ ಮೇಲಿನ ಪ್ಲೇಟಿಗೆ ಹರಿಸಿ ಒತ್ತಡ ಇಳಿಸುವ ಸಾಧನ) ಹಾಕಿಸಿದ ಎರಡೇ ತಿಂಗಳಿಗೆ ನಿಮ್ಮ ತಂದೆಯವರ ಕಣ್ಣಿನ ಒತ್ತಡ 12ರಿಂದ 26ಕ್ಕೆ ಏರಿದೆ, ವಾಲ್ವ್ ಕೆಟ್ಟಿತಾ ಅಂತ ಕೇಳಿದ್ದೀರಿ. ಕಾರಣ ಹೆಚ್ಚಾಗಿ ಆ ಪ್ಲೇಟಿನ ಸುತ್ತ ಕಟ್ಟಿಕೊಳ್ಳುವ ದಪ್ಪ ಪೊರೆ. ವಾಲ್ವ್ ಕೆಟ್ಟಿದೆ ಅಂತಲ್ಲ. ಮೊದಲ ಮೂರು ತಿಂಗಳಲ್ಲಿ ಇದು ತುಂಬಾ ಜನಕ್ಕೆ ಆಗುತ್ತದೆ, ನಮ್ಮಮ್ಮನಿಗೂ ಆಗಿತ್ತು. ಟ್ಯೂಬಿನ ಬಾಯಿ ಕಟ್ಟಿಕೊಂಡಿರಲೂಬಹುದು; ಅದು ಪರೀಕ್ಷೆ ಮಾಡಿದರೇ ಗೊತ್ತಾಗೋದು.

ಮೊದಲು ಈ ವಾರವೇ ಡಾಕ್ಟರಿಗೆ ತೋರಿಸಿ. ಒತ್ತಡ ಇಳಿಸುವ ಡ್ರಾಪ್ಸ್ ಮತ್ತೆ ಶುರು ಮಾಡಬೇಕಾ, ಸ್ಟೀರಾಯ್ಡ್ ಡ್ರಾಪ್ಸಿನಿಂದಲೂ ಏರಿರಬಹುದಾ ಅಂತ ಕೇಳಿ. ಅಲ್ಲಿಯವರೆಗೆ ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ, ಹಳೇ ಬಾಟಲಿ ಹುಡುಕಿ ಹಾಕಲೂಬೇಡಿ.

ವಾಲ್ವ್ ಎಷ್ಟು ವರ್ಷ ಬರುತ್ತೆ ಅಂತಲೂ ಕೇಳಿದ್ದಿರಲ್ಲ: ಅಹ್ಮದ್ ಮತ್ತು ಬೇರ್ವೆಲ್ಟ್ (ಇಂಥದ್ದೇ ಇನ್ನೊಂದು ಟ್ಯೂಬ್ ಸಾಧನ) ಎರಡನ್ನೂ ಹೋಲಿಸಿದ ಎಬಿಸಿ ಅಧ್ಯಯನದಲ್ಲಿ 5 ವರ್ಷಕ್ಕೆ ಅಹ್ಮದ್ ಸುಮಾರು 45%, ಬೇರ್ವೆಲ್ಟ್ 39% ಜನರಲ್ಲಿ ವಿಫಲ. ಉಳಿದವರಲ್ಲೂ ಬಹಳ ಜನಕ್ಕೆ ಡ್ರಾಪ್ಸ್ ತಪ್ಪಲಿಲ್ಲ. ನೋವು, ಕೆಂಪು, ದೃಷ್ಟಿ ಮಂಜಾಗುವುದು ಅಥವಾ ಟ್ಯೂಬ್ ಹೊರಗೆ ಕಂಡರೆ ವಾರ ಕಾಯಬೇಡಿ, ಅದೇ ದಿನ ಹೋಗಿ.