ಸ್ಟ್ರೀಮಿಂಗ್ ಕಂಪನಿ ಕೆಲಸಕ್ಕೆ ಸೇರಲಾ?

ಪ್ರಶ್ನೆ: ನೆಟ್‌ಫ್ಲಿಕ್ಸ್‌ನಂಥ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸಂಬಳ ಜಾಸ್ತಿ, ಆದರೆ ಯಾವಾಗ ಬೇಕಾದರೂ ತೆಗೆಯುತ್ತಾರಂತೆ. ಅವ್ವ ಹೆದರಿದ್ದಾಳೆ. ಸೇರಲಾ?
– ಓದುಗ, ಕಲಬುರಗಿ

ಉತ್ತರ: ಅವ್ವ ಸುಮ್ನೆ ಹೆದರಿಲ್ಲ. ನಾವು ಕುಟುಂಬವಲ್ಲ, ಆಟದ ತಂಡ ಎಂದು ನೆಟ್‌ಫ್ಲಿಕ್ಸ್ 2009ರಲ್ಲೇ ಬಹಿರಂಗವಾಗಿ ಬರೆದಿಟ್ಟಿತ್ತು. ಇವನು ಬಿಟ್ಟುಹೋಗ್ತೀನಿ ಅಂದರೆ ಉಳಿಸಿಕೊಳ್ಳಲು ಗುದ್ದಾಡುತ್ತೇನಾ ಅಂತ ಮ್ಯಾನೇಜರ್ ತನ್ನನ್ನೇ ಕೇಳಿಕೊಳ್ಳಬೇಕು, ಇಲ್ಲ ಅನಿಸಿದರೆ ಒಳ್ಳೆ ಪರಿಹಾರ ಕೊಟ್ಟು ಕಳಿಸಬೇಕು. ರಜೆಗೆ ಇಷ್ಟೇ ದಿನ ಅಂತ ಲೆಕ್ಕವಿಲ್ಲ. ಕೇಳೋಕೆ ಚೆಂದ ಅಲ್ವಾ? ಇಂಥದ್ದೇ ಬೇರೊಂದು ಕಂಪನಿಯಲ್ಲಿ ಸಬ್‌ಟೈಟಲ್ ಕೆಲಸ ಮಾಡುವ ನನ್ನ ಅಕ್ಕನ ಮಗಳು ಶರಣಬಸವೇಶ್ವರ ಜಾತ್ರೆಗೆ ಬಂದವಳು, ತೇರು ಎಳೆಯುವ ಹೊತ್ತಿಗೂ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು, ನೋಡಿ ಸಂಕಟವಾಯಿತು. ಆದರೂ ಸೇರಿ. ತೆಗೆದರೆ ಎಷ್ಟು ತಿಂಗಳ ಸಂಬಳ ಕೊಡುತ್ತಾರೆ ಅನ್ನೋದನ್ನು ಬರಹದಲ್ಲೇ ಕೇಳಿ. ಮೊದಲ ಸಂಬಳದಿಂದಲೇ ಆರು ತಿಂಗಳ ಖರ್ಚು ಕೂಡಿಡಲು ಶುರು ಮಾಡಿ.