ಸೋತವರ ಬಾವುಟ

ಮದ್ದೂರಿನ ಓದುಗರೊಬ್ಬರ ಪತ್ರ: ‘ಗಡಿ ಜಗಳಗಳನ್ನು ಹೇಗ್ ನಗರದ ನ್ಯಾಯಾಲಯಕ್ಕೆ ಒಯ್ಯಬೇಕೆಂದು ಬರೆದಿದ್ದೀರಿ. ಪೊಲೀಸರೇ ಇಲ್ಲದ ಕೋರ್ಟಿನ ಮಾತನ್ನು ಯಾವ ದೇಶ ಕೇಳುತ್ತದೆ? ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ತಾವು ಕೇಳಿಲ್ಲವೇ?’

ಸಂಪಾದಕರ ಉತ್ತರ: ಈ ಗಾದೆಯನ್ನು ಮಂಡ್ಯದಲ್ಲಿ ಕುಳಿತು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಎರಡೂ ದೇಶಗಳ ಸಮ್ಮತಿಯಿಲ್ಲದೆ ಅಂತರರಾಷ್ಟ್ರೀಯ ನ್ಯಾಯಾಲಯ ವ್ಯಾಜ್ಯವನ್ನೇ ತೀರ್ಮಾನಿಸುವಂತಿಲ್ಲ. ದಕ್ಷಿಣ ಚೀನಾ ಸಮುದ್ರದ ಬಗ್ಗೆ ನ್ಯಾಯಮಂಡಳಿಯೊಂದು 2016ರಲ್ಲಿ ಕೊಟ್ಟ ತೀರ್ಪನ್ನು ಚೀನಾ ಕಿವಿಗೇ ಹಾಕಿಕೊಳ್ಳಲಿಲ್ಲ. ಇಷ್ಟು ಒಪ್ಪಿದೆ. ಆದರೆ ಮಾತು ಕೇಳದವರ ಹೆಸರು ನಿಮಗೆ ಗೊತ್ತು, ಕೇಳಿದವರದು ಗೊತ್ತಿಲ್ಲ. ಔಝೌ ಎಂಬ ಮರಳುಗಾಡಿನ ಪಟ್ಟಿಗಾಗಿ ಚಾಡ್ ಜೊತೆ ಯುದ್ಧ ಮಾಡಿದ್ದ ಲಿಬಿಯಾ, 1994ರ ಫೆಬ್ರವರಿಯಲ್ಲಿ ಇದೇ ನ್ಯಾಯಾಲಯದಲ್ಲಿ ನ್ಯಾಯಾಧೀಶರ 16ಕ್ಕೆ 1 ಮತದಿಂದ ಸೋತು, ಮೇ ಮುಗಿಯುವುದರೊಳಗೆ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡಿತು. ಆಗ ಅಲ್ಲಿ ಆಳುತ್ತಿದ್ದವನು ಗಡಾಫಿ! ಅಷ್ಟು ದೂರವೇಕೆ, ಬಂಗಾಳ ಕೊಲ್ಲಿಯಲ್ಲಿ ವಿವಾದದಲ್ಲಿದ್ದ 25,602 ಚದರ ಕಿಲೋಮೀಟರ್‌ಗಳ ಪೈಕಿ 19,467 ಬಾಂಗ್ಲಾದೇಶಕ್ಕೆ ಸೇರಬೇಕೆಂದು 2014ರಲ್ಲಿ ತೀರ್ಪು ಬಂದಾಗ ಭಾರತ ಅದನ್ನು ಒಪ್ಪಿಕೊಂಡಿತು. ಗಡಿಯಲ್ಲಿ ಒಂದು ಗುಂಡು ಹಾರಿದರೆ ರಾತ್ರಿಯಿಡೀ ಅರಚುವ ನಮ್ಮ ವಾಹಿನಿಗಳು ಆ ಸಂಗತಿಗೆ ಎಷ್ಟು ನಿಮಿಷ ಕೊಟ್ಟವು? ಹೋಗಲಿ, ನಾನೂ ಅಂದು ಅದನ್ನು ಒಳಪುಟದ ಮೂಲೆಗೆ ತಳ್ಳಿದವನೇ.

ನನಗೆ ಬಹಳ ಪ್ರಿಯವಾದದ್ದು ಪ್ರೆಆ ವಿಹಾರ್ ಎಂಬ ಶಿವಾಲಯದ ಕಥೆ. ಡಾಂಗ್ರೆಕ್ ಬೆಟ್ಟದ ಅಂಚಿನ ಆ ಗುಡಿ ಥಾಯ್ಲೆಂಡಿನದೋ ಕಾಂಬೋಡಿಯದೋ ಎಂಬ ಪ್ರಶ್ನೆ. ನೀರು ಹರಿದು ಬೇರ್ಪಡುವ ಏಣೇ ಗಡಿ ಎಂದು 1904ರ ಒಪ್ಪಂದ ಹೇಳಿತ್ತು. ಆಗ ಕಾಂಬೋಡಿಯವನ್ನು ಆಳುತ್ತಿದ್ದ ಫ್ರೆಂಚರ ಅಧಿಕಾರಿಗಳು ಬರೆದ ನಕ್ಷೆ ಮಾತ್ರ ಗುಡಿಯನ್ನು ಕಾಂಬೋಡಿಯದೊಳಗೆ ತೋರಿಸಿತ್ತು. ಆ ನಕ್ಷೆ 1908ರಲ್ಲಿ ಕೈಸೇರಿದರೂ ದಶಕಗಟ್ಟಲೆ ತಕರಾರು ಎತ್ತದೆ ಇದ್ದುದೇ ಥಾಯ್ಲೆಂಡಿಗೆ ಮುಳುವಾಯಿತು. 1962ರಲ್ಲಿ ಅದು 9ಕ್ಕೆ 3 ಮತದಿಂದ ಸೋತಿತು. ಗುಡಿಯನ್ನೇನೋ ಬಿಟ್ಟುಕೊಟ್ಟರು, ಆದರೆ ಬಾವುಟವನ್ನು ಇಳಿಸಲಿಲ್ಲ: ಕಂಬವನ್ನೇ ಬುಡಸಹಿತ ಕಿತ್ತು, ಬಾವುಟ ಹಾರುತ್ತಿದ್ದಂತೆಯೇ ಹೊತ್ತು, ತಮ್ಮ ಕಡೆಯ ಬಂಡೆಯ ಮೇಲೆ ನೆಟ್ಟರು. ಅದೇ ಗಡಿಯಲ್ಲಿ 2011ರಲ್ಲೂ 2025ರಲ್ಲೂ ಗುಂಡು ಹಾರಿತೆಂದು ನೀವು ಹೇಳುವಿರಿ, ನಿಜ. ಆದರೂ ಆ ಕಂಬ ಹೊತ್ತವರನ್ನು ನೆನೆದಾಗ ನನಗೆ ನಮ್ಮಪ್ಪ ಕಣ್ಣಿಗೆ ಕಟ್ಟುತ್ತಾರೆ.

ಪಾಂಡವಪುರದ ಹತ್ತಿರದ ನಮ್ಮ ಹೊಲದ ಬದುವಿನ ಬಗ್ಗೆ ದಾಯಾದಿಗಳೊಂದಿಗೆ ಹನ್ನೊಂದು ವರ್ಷ ಮಾತು ಬಿಟ್ಟಿತ್ತು. ಕೊನೆಗೆ ಮೋಜಣಿದಾರರು ಸರಪಳಿ ಎಳೆದು, ಎರಡಡಿ ಅವರದೇ ಎಂದರು. ಅಪ್ಪ ಏನೂ ಮಾತಾಡಲಿಲ್ಲ. ಮಾರನೆಯ ಬೆಳಿಗ್ಗೆ ಹಾರೆ ಹಿಡಿದು ಹೋಗಿ, ಮೊದಲು ಬದುವಿನ ಮೇಲಿದ್ದ ತೊಗರಿಯನ್ನು ಒಂದು ಕಾಯಿಯೂ ಬಿಡದಂತೆ ಬಿಡಿಸಿಕೊಂಡು, ಆಮೇಲೆ ಕಲ್ಲನ್ನು ತಾವೇ ಕಿತ್ತು ಹಿಂದಕ್ಕೆ ನೆಟ್ಟರು.