ಸತ್ತವನ ಹಾಡು, ಇನ್ನೊಬ್ಬನ ಬಾಯಿ

ಕೊಡಗಿನ ನಾಪೋಕ್ಲಿನ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಸ್ಟ್ಯಾಟಿಕ್-ಎಕ್ಸ್ ಅನ್ನು ಹೊಗಳಿ ಬರೆದಿದ್ದಕ್ಕೆ ನಿಮಗೆ ಸಿಟ್ಟು ಬಂದಿದೆ. "ಹಾಡುಗಾರ ಸತ್ತಿದ್ದಾನೆ. ಅವನ ಹಾಗೇ ಕೂದಲು ನಿಲ್ಲಿಸಿದ ಮುಖವಾಡದವನನ್ನು ಕರ್ಕೊಂಡು, ಆಲ್ಬಂಗೆ 20 ವರ್ಷ ಆಯ್ತು ಅಂತ ಊರೂರು ಸುತ್ತೋದು ದುಡ್ಡಿನ ಆಟ ಅಲ್ವಾ? ಅದರಲ್ಲೂ ಅರ್ಧ ಸದ್ದು ಕಂಪ್ಯೂಟರಿಂದ!" ಎಂದಿದ್ದೀರಿ. ಪತ್ರವನ್ನು ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ಕಂಪ್ಯೂಟರ್ ವಿಷಯ ಮೊದಲು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವಾಗ ಪಕ್ಕದಲ್ಲಿ ನಿಂತಿದ್ದೀರಲ್ಲ? ನೀವು ಹೇಳಿದ ಆಲ್ಬಂ, 1999ರ 'ವಿಸ್ಕಾನ್ಸಿನ್ ಡೆತ್ ಟ್ರಿಪ್' ಕೇಳಿದಾಗ ನನಗೆ ನೆನಪಾಗಿದ್ದು ಆ ಸದ್ದೇ. ಅಂಗೈಯನ್ನು ತಂತಿಗೆ ಒತ್ತಿ ಬಾರಿಸುವುದರಿಂದ ಗಿಟಾರಿನ ಸ್ವರ ಹುಟ್ಟಿದಲ್ಲೇ ಸಾಯುತ್ತದೆ. ಡ್ರಮ್ಮಿನ ಏಟು ನಿಂತರೆ ಅದೂ ಕಟ್. ಈ ಶೈಲಿಗೆ ಅವರೇ ಇಟ್ಟ ಹೆಸರು 'ಈವಿಲ್ ಡಿಸ್ಕೋ'. ಮೊದಲೇ ಮಾಡಿಟ್ಟ ಸದ್ದು ವೇದಿಕೆಯಲ್ಲಿ ಓಡುತ್ತದೆ, ನಿಜ. ಆದರೆ ಅದಕ್ಕೆ ಸರಿಯಾಗಿ ಬಾರಿಸುವುದು ಕಷ್ಟದ ಕೆಲಸ. ಇಂಥ ಸಂಗೀತದಲ್ಲಿ ಡ್ರಮ್ಮರ್ ಕಿವಿಯಲ್ಲಿ ಟಿಕ್ ಟಿಕ್ ಎಂದು ತಾಳ ಬಡಿಯುತ್ತಿರುತ್ತದೆ. ಒಂದು ಏಟು ತಪ್ಪಿದರೆ ಎಲ್ಲ ಕಲಸುಮೇಲೋಗರ. ನಮ್ಮ ಮದುವೆಯ ವಾಲಗದವರು ಕುಣಿಯುವವರ ಕಾಲು ನೋಡಿ ವೇಗ ಏರಿಸುತ್ತಾರೆ. ಯಂತ್ರ ಯಾರ ಕಾಲನ್ನೂ ನೋಡುವುದಿಲ್ಲ. (ಆಟಿ ತಿಂಗಳ ಮಳೆಯಲ್ಲಿ ಈ ಶೋ ನಾಪೋಕ್ಲಿನಲ್ಲಿ ಇಟ್ಟರೆ, ಕರೆಂಟು ಹೋದ ಕೂಡಲೇ ಬ್ಯಾಂಡೂ ಮಾಯ!)

ಇನ್ನು ಮುಖವಾಡ. ಬ್ಯಾಂಡಿನ ಹಾಡುಗಾರ ವೇಯ್ನ್ ಸ್ಟ್ಯಾಟಿಕ್ ತೀರಿಕೊಂಡದ್ದು 2014ರ ನವೆಂಬರ್ 1ರಂದು, 48ನೇ ವಯಸ್ಸಿನಲ್ಲಿ. 2019ರ ಪ್ರವಾಸಕ್ಕೆ ಸೇರಿದವರು ಆ ಆಲ್ಬಂ ಮಾಡಿದ ಉಳಿದ ಮೂವರು: ಟೋನಿ ಕ್ಯಾಂಪೋಸ್, ಕೋಯಿಚಿ ಫುಕುಡಾ, ಕೆನ್ ಜೇ. ಕೆನ್ ಜೇ ಬ್ಯಾಂಡ್ ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಾಡಲು ಬಂದವನು ಸ್ವಂತ ಹೆಸರು ಹೇಳಲಿಲ್ಲ, 'ಝೀರೋ' ಅಂದ ಅಷ್ಟೇ.

ನೀವು ತೆರೆ, ಅಂದರೆ ಬಣ್ಣ ಬಳಿದವನ ಮೇಲೆ ದೈವ ಬರುವ ನಮ್ಮ ಕಡೆಯ ಆಚರಣೆ, ನೋಡಿ ಬೆಳೆದವರು. ಬಣ್ಣ ಬಳಿದು ಅಜ್ಜಪ್ಪ ದೈವವಾಗಿ ಬಂದವನ ಮುಂದೆ ಮನೆಯವರೆಲ್ಲ ಕೈಮುಗಿದು ನಿಂತಿರುವಾಗ, ಇವನು ಯಾರ ಮಗ ಅಂತ ಯಾರಾದರೂ ಕೇಳುತ್ತಾರಾ? ಆ ರಾತ್ರಿ ಅವನು ಅಜ್ಜಪ್ಪ. ಟಿಕೆಟ್ ಶೋ ಮತ್ತು ತೆರೆ ಒಂದೇ ಅಂತ ಹೇಳುತ್ತಿಲ್ಲ, ಅದಕ್ಕೆ ಇನ್ನೊಂದು ಪತ್ರ ಬರೆಯಬೇಡಿ. ಆದರೆ ಬರಿಮುಖದ ಹೊಸ ಹಾಡುಗಾರ ಬಂದಿದ್ದರೆ ಜನ ಅವನ ಗಂಟಲನ್ನು ವೇಯ್ನ್ ಗಂಟಲಿಗೆ ಹೋಲಿಸುತ್ತಾ ಕೂರುತ್ತಿದ್ದರು. ಮುಖ ಮುಚ್ಚಿದ್ದರಿಂದ ಆ ಜಾಗ ವೇಯ್ನ್‌ಗೇ ಉಳಿಯಿತು. ನನಗೆ ಅದು ಮರ್ಯಾದೆಯ ಕೆಲಸ ಅಂತಲೇ ಅನಿಸಿತು.

ನಿಮ್ಮ ಮಾತು ನಿಜವಾಗುವುದು ಆಮೇಲೆ. ವೇಯ್ನ್ ಬಿಟ್ಟುಹೋದ ಧ್ವನಿಮುದ್ರಣಗಳನ್ನು ಹುಡುಕಿ 2020ರಲ್ಲಿ ಒಂದು ಆಲ್ಬಂ ಬಂತು, 2024ರಲ್ಲಿ ಅದರ ಎರಡನೇ ಭಾಗ. ಮುಖವಾಡವೂ ಮುಂದುವರಿಯಿತು. ತೆರೆ ಕಟ್ಟಿದವನು ಕೊನೆಗೆ ಬಣ್ಣ ತೊಳೆಯುತ್ತಾನೆ. ಇವರು ತೊಳೆಯಲಿಲ್ಲ. ಹೋದ ಸಲ ಇದನ್ನು ನಾನು ಬರೆಯಬೇಕಿತ್ತು, ಹೊಗಳುವ ಭರದಲ್ಲಿ ಬಿಟ್ಟುಬಿಟ್ಟೆ.

ಚಂದಾ ನಿಲ್ಲಿಸಿ ಎಂದೂ ಬರೆದಿದ್ದೀರಿ. ನಿಮ್ಮ ದುಡ್ಡು ಮಾರ್ಚ್‌ವರೆಗೆ ಜಮಾ ಇದೆ. ಅಲ್ಲಿವರೆಗೆ ಪತ್ರಿಕೆ ಬರುತ್ತದೆ, ಬಯ್ದುಕೊಂಡೇ ಓದಿ.

– ಸಂಪಾದಕ